ಮೀಸೆಯ ತಾಯಿ ಗಿಜುಭಾಯಿ

ಮಳೆಗಾಲದ ಮಧ್ಯಾಹ್ನ. ಹೊರಗೆ ಹೋಗಿ ಆಡುವಂತಿಲ್ಲ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಡುಗೆಮನೆಯಿಂದ ಮರದ ಸೌಟೊಂದನ್ನು ಎತ್ತಿಕೊಂಡು ಬಂದು, ಅದಕ್ಕೆ ಅಮ್ಮನ ಹಳೆಯ ಸೀರೆಯ ತುಂಡನ್ನು ಸುತ್ತುತ್ತಾಳೆ. ಅಂದಿನಿಂದ ಅದು ಸೌಟಾಗಿ ಉಳಿಯುವುದಿಲ್ಲ. ಅದಕ್ಕೆ ಹೆಸರು ಬರುತ್ತದೆ, ಹಸಿವು ಬರುತ್ತದೆ, ಜ್ವರವೂ ಬರುತ್ತದೆ. ಅದನ್ನು ಮೊರದಲ್ಲಿ ಮಲಗಿಸಿ ತೂಗಬೇಕಾಗುತ್ತದೆ. ಸಂಜೆ ಅಮ್ಮನಿಗೆ ಸಾರು ಬಡಿಸಲು ಸೌಟು ಬೇಕಾದಾಗ ಮನೆಯಲ್ಲಿ ದೊಡ್ಡ ರಂಪವೇ ನಡೆಯುತ್ತದೆ. ಅಮ್ಮನು ಕೇಳುವುದು ಸೌಟನ್ನು. ಮಗುವು ಕಳೆದುಕೊಳ್ಳುವುದು ಕೂಸನ್ನು.

ವಿದ್ಯಾರ್ಥಿ ಮಿತ್ರರೇ, ಇಂಥ ಆಟಗಳನ್ನು ನಾವೆಲ್ಲರೂ ಆಡಿದ್ದೇವೆ. ತೆಂಗಿನ ಗರಿಯನ್ನು ಸುತ್ತಿ ಪೀಪಿ ಊದಿದ್ದೇವೆ. ಅಡಕೆಯ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ರಥವೆಂದು ಎಳೆದಿದ್ದೇವೆ. ಹುಣಿಸೆಯ ಬೀಜಗಳನ್ನು ನಾಣ್ಯವೆಂದು ಎಣಿಸಿ ಅಂಗಡಿಯ ಆಟವಾಡಿದ್ದೇವೆ. ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಯ ದಿನ ಹಿಡಿ ಮಣ್ಣಿನಿಂದ ಎತ್ತಿನ ಜೋಡಿಯನ್ನೇ ಮಾಡುತ್ತಾರೆ. ಆದರೆ ಹಿರಿಯರು ಇವನ್ನೆಲ್ಲ ಹೊತ್ತು ಕಳೆಯುವ ಉಪಾಯವೆಂದೂ, ಓದಿಗೆ ಅಡ್ಡಿಯೆಂದೂ ಎಣಿಸುವುದು ವಾಡಿಕೆ. ಆಟದಲ್ಲಿ ಮುಳುಗಿದ ಮಗುವು ನಿಜವಾಗಿ ಕಲಿಯುತ್ತಿದೆ, ಆ ಹೊತ್ತಿನಲ್ಲಿ ಅದನ್ನು ಗದರಿಸಿ ಎಬ್ಬಿಸುವುದು ಅನ್ಯಾಯ ಎಂದು ಬಗೆದು, ಆ ನಂಬಿಕೆಗಾಗಿ ತಮ್ಮ ವೃತ್ತಿಯನ್ನೂ ಸಂಪಾದನೆಯನ್ನೂ ತೊರೆದವರೊಬ್ಬರು ಗುಜರಾತಿನಲ್ಲಿದ್ದರು. ಅವರೇ ಗಿಜುಭಾಯಿ ಬಧೇಕಾ. ಗುಜರಾತಿನ ಜನರು ಅವರನ್ನು ಪ್ರೀತಿಯಿಂದ ಮೂಛಾಳೀ ಮಾ, ಎಂದರೆ ಮೀಸೆಯುಳ್ಳ ತಾಯಿ, ಎಂದು ಕರೆದರು.

ಗಿಜುಭಾಯಿಯವರ ಪೂರ್ಣ ನಾಮಧೇಯ ಗಿರಿಜಾಶಂಕರ ಭಗವಾನ್‌ಜೀ ಬಧೇಕಾ. ಇಂದಿನ ಅಮ್ರೇಲಿ ಜಿಲ್ಲೆಗೆ ಸೇರಿದ ಚಿತ್ತಲ್ ಎಂಬ ಊರಿನಲ್ಲಿ 1885ನೆಯ ಇಸವಿ ನವೆಂಬರ್ 15ರಂದು ಅವರು ಜನಿಸಿದರು. ಅದು ಸೌರಾಷ್ಟ್ರದ ನಾಡು. ಅಂದಿನ ಶಾಲೆಗಳಲ್ಲಿ ಬೆತ್ತವೇ ಪ್ರಧಾನ, ಬಾಯಿಪಾಠವೇ ವಿದ್ಯೆ. ಮಗ್ಗಿ ತಪ್ಪಿದವನಿಗೆ ಏಟು, ಪಕ್ಕದವನೊಡನೆ ಮಾತನಾಡಿದವನಿಗೆ ಏಟು, ಏಟನ್ನು ಕಂಡು ನಕ್ಕವನಿಗೂ ಏಟು. ಇಂಥ ಕಾಲದಲ್ಲಿ ಬೆಳೆದ ಗಿಜುಭಾಯಿಯವರು 1907ರಲ್ಲಿ ಪೂರ್ವ ಆಫ್ರಿಕಕ್ಕೆ ಹೋಗಿ ಅಲ್ಲಿ ಎರಡು ವರ್ಷಗಳ ಕಾಲ ದುಡಿದರು. ಹಿಂದಿರುಗಿದ ಮೇಲೆ ಮುಂಬಯಿಯಲ್ಲಿ ಕಾನೂನನ್ನು ಅಭ್ಯಾಸ ಮಾಡಿ, ಸೌರಾಷ್ಟ್ರದ ವಢವಾಣದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಮುಂದಿನ ದಾರಿ ನೇರವಾಗಿಯೇ ಕಾಣುತ್ತಿತ್ತು. ಒಳ್ಳೆಯ ಮಾತುಗಾರರಾದ ಅವರಿಗೆ ಕಕ್ಷಿಗಾರರಿಗೂ ಹಣಕ್ಕೂ ಕೊರತೆಯಾಗುವ ಸಂಭವವಿರಲಿಲ್ಲ.

ಅವರ ಬಾಳಿನ ದಿಕ್ಕನ್ನು ಬದಲಾಯಿಸಿದವನು ಒಂದು ಹಸುಗೂಸು. 1913ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅದಕ್ಕೆ ನರೇಂದ್ರನೆಂದು ಹೆಸರಿಟ್ಟರು. ತೊಟ್ಟಿಲಲ್ಲಿ ಮಲಗಿದ ಮಗನನ್ನು ನೋಡುತ್ತ ತಂದೆಗೆ ಒಂದು ಚಿಂತೆ ಹತ್ತಿತು. ತಾನು ಕಲಿತ ಶಾಲೆಯಂಥ ಶಾಲೆಗೇ ಇವನನ್ನೂ ನೂಕಬೇಕೆ? ಬೇರೆ ದಾರಿ ಇಲ್ಲವೆ? ಈ ಪ್ರಶ್ನೆಯನ್ನು ಹೊತ್ತು ಅವರು ಬಲ್ಲವರನ್ನು ಅರಸುತ್ತ ಹೊರಟರು.

ಅಹಮದಾಬಾದಿಗೂ ವಡೋದರಾಕ್ಕೂ ನಡುವೆ ಇರುವ ಫಲವತ್ತಾದ ಪ್ರದೇಶಕ್ಕೆ ಚರೋತರವೆಂದು ಹೆಸರು. ಅಲ್ಲಿಯ ವಸೋ ಎಂಬ ಊರಿನಲ್ಲಿ ಮೋತಿಭಾಯಿ ಅಮೀನರೆಂಬ ಹಿರಿಯರಿದ್ದರು. ಮಹಾರಾಜ ಸಯಾಜಿರಾವ್ ಗಾಯಕವಾಡರು ಆಳುತ್ತಿದ್ದ ಬಡೋದೆ ಸಂಸ್ಥಾನದಲ್ಲಿ ಹಳ್ಳಿಹಳ್ಳಿಗೂ ಗ್ರಂಥಾಲಯಗಳನ್ನು ಒಯ್ದ ಮಹನೀಯರಲ್ಲಿ ಇವರು ಮುಖ್ಯರು. ಆ ಸಂಸ್ಥಾನವಾದರೋ 1906ರಲ್ಲಿಯೇ ತನ್ನ ಎಲ್ಲ ಪ್ರಜೆಗಳ ಮಕ್ಕಳಿಗೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತ್ತು. ಮೋತಿಭಾಯಿಯವರ ಮೂಲಕ ಗಿಜುಭಾಯಿಯವರಿಗೆ ಇಟಲಿ ದೇಶದ ವೈದ್ಯೆ ಮರಿಯಾ ಮಾಂಟೆಸೊರಿಯವರ ಶಿಕ್ಷಣ ಪದ್ಧತಿಯ ಪರಿಚಯವಾಯಿತು. ಆಕೆ 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯೊಂದನ್ನು ತೆರೆದು, ಮಗುವಿಗೆ ಕೈಯೇ ಗುರು, ತಾನೇ ಮುಟ್ಟಿ, ಎತ್ತಿ, ಜೋಡಿಸಿ, ಬಿಚ್ಚಿ ನೋಡಿದ್ದನ್ನು ಅದು ಮರೆಯದು ಎಂದು ತೋರಿಸಿಕೊಟ್ಟಿದ್ದರು. ಗಿಜುಭಾಯಿಯವರು ಆ ವಿಷಯವನ್ನು ಓದಿದರು, ಮತ್ತೆ ಓದಿದರು. ತಾವು ಹುಡುಕುತ್ತಿದ್ದ ದಾರಿ ಇದೇ ಎಂದು ಅವರಿಗೆ ತೋರಿತು.

ಅಹಮದಾಬಾದಿನಿಂದ ದಕ್ಷಿಣಕ್ಕೆ ಸುಮಾರು 170 ಕಿಲೋಮೀಟರು ದೂರದಲ್ಲಿ, ಖಂಭಾತ ಕೊಲ್ಲಿಯ ಪಶ್ಚಿಮ ದಡದ ಬಳಿ ಭಾವನಗರವಿದೆ; ಕೊಲ್ಲಿಯ ಆಚೆಗೆ ಸೂರತ್ತು. ಈ ಭಾವನಗರದಲ್ಲಿ 1910ರಲ್ಲಿ ನಾನಾಭಾಯಿ ಭಟ್ಟರು ದಕ್ಷಿಣಾಮೂರ್ತಿ ವಿದ್ಯಾರ್ಥಿ ಭವನವನ್ನು ಸ್ಥಾಪಿಸಿದ್ದರು. ಆಲದ ಮರದ ನೆರಳಿನಲ್ಲಿ ಕುಳಿತು ಮೌನದಿಂದಲೇ ಬೋಧಿಸಿದ ಶಿವನ ಹೆಸರು ಅದಕ್ಕೆ. 1916ರಲ್ಲಿ ಗಿಜುಭಾಯಿಯವರು ವಕೀಲಿಯನ್ನು ಬಿಟ್ಟು ಈ ಸಂಸ್ಥೆಯನ್ನು ಸೇರಿದರು. ಮೊದಲು ಅವರ ಪಾಲಿಗೆ ಬಂದದ್ದು ದೊಡ್ಡ ಹುಡುಗರ ಮೇಲ್ವಿಚಾರಣೆ ಮತ್ತು ಪ್ರೌಢಶಾಲೆಯ ಹೊಣೆ. ಕೆಲವು ವರ್ಷಗಳಲ್ಲಿಯೇ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ದೊಡ್ಡ ಹುಡುಗರಲ್ಲಿ ತಾವು ತಿದ್ದಬೇಕೆಂದಿದ್ದ ಭಯ, ಸುಳ್ಳು, ಜಡತೆಗಳೆಲ್ಲವೂ ಅವರು ಚಿಕ್ಕವರಾಗಿದ್ದಾಗಲೇ ಬೇರೂರಿದ್ದವು. ಮರ ಬಾಗಲಾರದು, ಗಿಡವನ್ನೇ ನೋಡಿಕೊಳ್ಳಬೇಕು. ಆದುದರಿಂದ 1920ರಲ್ಲಿ ಅವರು ಪುಟ್ಟ ಮಕ್ಕಳಿಗಾಗಿ ದಕ್ಷಿಣಾಮೂರ್ತಿ ಬಾಲಮಂದಿರವನ್ನು ಆರಂಭಿಸಿದರು. 1922ರಲ್ಲಿ ಗುಡ್ಡದ ಮೇಲೆ ಬಾಲಮಂದಿರಕ್ಕೆ ಹೊಸ ಕಟ್ಟಡವಾಯಿತು. ಕಸ್ತೂರಬಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಈ ಬಾಲಮಂದಿರದಲ್ಲಿ ಬೆತ್ತವಿರಲಿಲ್ಲ, ಶಿಕ್ಷೆಯಿರಲಿಲ್ಲ, ಬಹುಮಾನದ ಆಸೆಯನ್ನೂ ತೋರಿಸುತ್ತಿರಲಿಲ್ಲ. ಅಲ್ಲಿದ್ದದ್ದು ಮಣ್ಣು, ನೀರು, ಹೂವಿನ ಪಾತಿ, ಹಾಡು, ಕುಣಿತ, ಕತೆ ಮತ್ತು ನಾಟಕ. ಮಾಂಟೆಸೊರಿಯವರ ಪದ್ಧತಿಯಲ್ಲಿ ಮಗುವಿನ ಕೈಗೂ ಕಣ್ಣಿಗೂ ಅಭ್ಯಾಸ ಕೊಡುವುದಕ್ಕಾಗಿ ಅಚ್ಚುಕಟ್ಟಾದ ಮರದ ದಿಂಡುಗಳು, ಗುಂಡುಗಳು, ಬಣ್ಣದ ಹಲಗೆಗಳು ಮೊದಲಾದ ಉಪಕರಣಗಳುಂಟು. ಅವು ಉತ್ತಮವಾದವೇ, ಗಿಜುಭಾಯಿಯವರೂ ಅವನ್ನು ಬಳಸಿದರು. ಆದರೆ ಅವುಗಳ ಬೆಲೆ ಹೆಚ್ಚು. ಅಹಮದಾಬಾದಿನ ಶಾಹಿಬಾಗಿನಲ್ಲಿ ಗಿರಣಿಗಳ ಒಡೆಯರಾದ ಅಂಬಾಲಾಲ ಸಾರಾಭಾಯಿ ಮತ್ತು ಸರಳಾದೇವಿ ದಂಪತಿಗಳು ತಮ್ಮ ಮಕ್ಕಳಿಗಾಗಿ ಮನೆಯಲ್ಲಿಯೇ ಮಾಂಟೆಸೊರಿ ಮಾದರಿಯ ಶಾಲೆಯನ್ನು ನಡೆಸಿದರು. ಮುಂದೆ ಭಾರತದ ಅಂತರಿಕ್ಷ ಸಂಶೋಧನೆಗೆ ಅಡಿಪಾಯ ಹಾಕಿದ ವಿಕ್ರಮ ಸಾರಾಭಾಯಿಯವರು ಆ ಮನೆಯ ಮಗುವೇ. ಅದು ಶ್ರೀಮಂತರ ಮನೆ, ಬೇಕಾದುದನ್ನು ತರಿಸಬಲ್ಲವರು. ಗಿರಣಿಯ ಕೂಲಿಕಾರನ ಮಗುವಿಗೆ, ಹಳ್ಳಿಯ ಒಕ್ಕಲಿನ ಮಗುವಿಗೆ ಗತಿಯೇನು?

ಆ ಮಗುವಿನ ಸುತ್ತಲೂ ಇರುವುದನ್ನೇ ಅದರ ಪಾಠಕ್ಕೆ ತರಬೇಕೆಂಬುದು ಗಿಜುಭಾಯಿಯವರ ದಾರಿಯಾಯಿತು. ಹೊಲದ ಮಣ್ಣು, ಮರದ ಎಲೆ, ಬೀಜ, ಕಲ್ಲುಹರಳು, ನೀರು ತುಂಬುವ ಚೊಂಬು, ಗುಡಿಸುವ ಪೊರಕೆ ಎಲ್ಲವೂ ಬಾಲಶಿಕ್ಷಣದ ಸಾಧನಗಳೇ ಆಗಬಲ್ಲವು. ಮಕ್ಕಳು ಮನೆಗೆಲಸದಲ್ಲಿ ಕೈಹಾಕಲು ಬಂದರೆ ಅವರನ್ನು ಓಡಿಸಬಾರದು. ನೀರು ಚೆಲ್ಲಿದರೆ ಚೆಲ್ಲಲಿ, ಒರೆಸುವುದನ್ನೂ ಕಲಿಯುತ್ತಾರೆ ಎಂಬುದು ಅವರ ಮತ. ತಾಯಿತಂದೆಯಾಗುವುದು ಎಷ್ಟು ಕಷ್ಟದ ಕೆಲಸವೆಂಬುದನ್ನು ಹಿರಿಯರಿಗೆ ತಿಳಿಸಲು ಅವರು ಪುಸ್ತಕಗಳನ್ನೇ ಬರೆದರು.

ಒಂದು ವಿಷಯದಲ್ಲಿ ಮಾತ್ರ ಗಿಜುಭಾಯಿಯವರು ತಮ್ಮ ಗುರುಸ್ಥಾನದಲ್ಲಿದ್ದ ಮಾಂಟೆಸೊರಿಯವರಿಂದ ದೂರ ಸರಿದರು. ಎಳೆಯ ಮಗುವು ಮೊದಲು ನಿಜವಾದ ಜಗತ್ತನ್ನು ಅರಿಯಬೇಕು, ಮಾತನಾಡುವ ಪ್ರಾಣಿಗಳ, ಯಕ್ಷಿಣಿಯರ ಕತೆಗಳು ಅದಕ್ಕೆ ತಕ್ಕವಲ್ಲ ಎಂದು ಆಕೆ ಭಾವಿಸಿದ್ದರು. ಸೌರಾಷ್ಟ್ರವಾದರೋ ಕತೆಗಳ ನಾಡು. ಅಲ್ಲಿ ಅಜ್ಜಿಯ ಮಡಿಲಿನಲ್ಲಿ ಕಾಗೆ ಮಾತನಾಡುತ್ತದೆ, ಇಲಿ ಮದುವೆಯಾಗುತ್ತದೆ. ಇದನ್ನು ಮಗುವಿನಿಂದ ಕಿತ್ತುಕೊಳ್ಳಲು ಗಿಜುಭಾಯಿಯವರ ಮನಸ್ಸು ಒಪ್ಪಲಿಲ್ಲ. ಅವರು ಜನಪದ ಕತೆಗಳನ್ನು ಸಂಗ್ರಹಿಸಿ, ಮಕ್ಕಳ ಬಾಯಿಗೆ ಹಿಡಿಸುವಂತೆ ತಿದ್ದಿ ಬರೆದರು. ಕತೆ ಹೇಳುವ ಕಲೆಯನ್ನು ಕುರಿತು ವಾರ್ತಾನುಂ ಶಾಸ್ತ್ರ ಎಂಬ ದೊಡ್ಡ ಗ್ರಂಥವನ್ನು ರಚಿಸಿದರು. ಅವರ ಹೆಸರಿನಲ್ಲಿರುವ ಪುಸ್ತಕಗಳು, ಚಿಕ್ಕವು ದೊಡ್ಡವು ಸೇರಿ, ಇನ್ನೂರರಷ್ಟಿವೆ. 1929ರಲ್ಲಿ ಗುಜರಾತಿ ಸಾಹಿತ್ಯದ ಹಿರಿಯ ಗೌರವವಾದ ರಣಜಿತರಾಮ್ ಸುವರ್ಣ ಚಂದ್ರಕವು ಅವರಿಗೆ ದೊರೆಯಿತು.

ಕತೆಯಾದ ಮೇಲೆ ಅದನ್ನು ಆಡಿಯೂ ನೋಡಬೇಕು. ಗಿಜುಭಾಯಿಯವರು ಹೇಳಿದ ಕತೆಗಳಲ್ಲಿ ದಲಾ ತರವಾಡಿಯ ಕತೆಯನ್ನು ಗುಜರಾತಿನ ಮಕ್ಕಳೆಲ್ಲರೂ ಬಲ್ಲರು. ದಲಾ ಎಂಬ ಬ್ರಾಹ್ಮಣನ ಹೆಂಡತಿಗೆ ಬದನೆಕಾಯಿ ಎಂದರೆ ಪ್ರಾಣ. ಅವನು ಒಡೆಯನಿಲ್ಲದ ವೇಳೆಯಲ್ಲಿ ತೋಟಕ್ಕೆ ಹೋಗಿ, ಬದನೆಕಾಯಿ ಕೊಯ್ಯಲೇ ಎಂದು ತೋಟವನ್ನೇ ಕೇಳಿ, ತೋಟದ ಪರವಾಗಿ ತಾನೇ ಒಪ್ಪಿಗೆಯನ್ನೂ ಕೊಟ್ಟುಕೊಂಡು ಚೀಲ ತುಂಬಿಸುತ್ತಿದ್ದನು. ಒಂದು ದಿನ ತೋಟದ ಒಡೆಯ ವಶರಾಮ ಭುವಾ ಅವನನ್ನು ಹಿಡಿದನು. ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಇವನನ್ನು ಎಷ್ಟು ಸಲ ಮುಳುಗಿಸಲಿ ಎಂದು ಬಾವಿಯನ್ನು ಕೇಳಿ, ಬಾವಿಯ ಪರವಾಗಿ ತಾನೇ ಉತ್ತರ ಕೊಟ್ಟು, ಅಷ್ಟು ಸಲವೂ ಮುಳುಗಿಸಿದನು!

ಈ ಕತೆಯನ್ನು ಆಡಲು ಏನು ಬೇಕು, ನೀವೇ ಲೆಕ್ಕ ಹಾಕಿರಿ. ಅಂಗಳದ ಒಂದು ಮೂಲೆ ತೋಟವಾದೀತು. ನಾಲ್ಕು ಕಲ್ಲುಹರಳು ಬದನೆಕಾಯಿಗಳಾದಾವು. ಅಜ್ಜನ ಪಂಚೆಯೇ ಚೀಲ. ಬಕೆಟ್ಟನ್ನಿಟ್ಟ ಸ್ಥಳವೇ ಬಾವಿ. ಸೊಂಟಕ್ಕೆ ಟವೆಲು ಬಿಗಿದವನೇ ವಶರಾಮ. ಇವುಗಳಲ್ಲಿ ಒಂದಕ್ಕೂ ಕಾಸು ಖರ್ಚಿಲ್ಲ. ಅಂಗಡಿಯ ಆಟಿಕೆಯ ಮೋಟಾರು ಎಂದೆಂದಿಗೂ ಮೋಟಾರು ಮಾತ್ರ. ಪಂಚೆಯಾದರೋ ಇಂದು ಚೀಲ, ನಾಳೆ ನದಿ, ನಾಡಿದ್ದು ಗುಡಾರ. ವಸ್ತುವಿನಲ್ಲಿ ಇಲ್ಲದುದನ್ನು ಮಗುವು ತನ್ನ ಮನಸ್ಸಿನಿಂದ ತುಂಬಬೇಕಾಗುತ್ತದೆ. ತುಂಬುತ್ತ ತುಂಬುತ್ತ ಆ ಮನಸ್ಸೂ ಬೆಳೆಯುತ್ತದೆ. ಮಾತು ಹೊಂದಿಸುವುದು, ತನ್ನ ಸರದಿಗೆ ಕಾಯುವುದು, ಇನ್ನೊಬ್ಬರ ಸ್ಥಾನದಲ್ಲಿ ನಿಂತು ಯೋಚಿಸುವುದು ಇವೆಲ್ಲವನ್ನೂ ಅದು ಆಟದಲ್ಲಿಯೇ ಕಲಿಯುತ್ತದೆ.

ಗಿಜುಭಾಯಿಯವರ ದಿವಾಸ್ವಪ್ನ ಎಂಬ ಪುಸ್ತಕವು 1932ರ ಸುಮಾರಿಗೆ ಪ್ರಕಟವಾಯಿತು. ಆ ಹೆಸರಿಗೆ ಹಗಲುಗನಸು ಎಂದರ್ಥ. ಪ್ರಾಥಮಿಕ ಶಾಲೆಯೊಂದರ ನಾಲ್ಕನೆಯ ತರಗತಿಯಲ್ಲಿ ಹೊಸ ರೀತಿಯಿಂದ ಪಾಠ ಹೇಳಲು ಹೊರಟ ಒಬ್ಬ ಉಪಾಧ್ಯಾಯನ ಕತೆ ಅದು. ಮೊದಲ ದಿನವೇ ಅವನು ಸೋಲುತ್ತಾನೆ. ಹುಡುಗರನ್ನು ಕಣ್ಣು ಮುಚ್ಚಿಸಿ ಮೌನವಾಗಿ ಕೂರಿಸಲು ನೋಡಿದರೆ, ಅವರು ಕೂಗಿ, ಕೇಕೆ ಹಾಕಿ ತರಗತಿಯನ್ನು ಸಂತೆ ಮಾಡುತ್ತಾರೆ. ಮರುದಿನ ಅವನು ಕತೆ ಹೇಳಲು ಕೂರುತ್ತಾನೆ; ಹುಡುಗರೆಲ್ಲರೂ ಅವನನ್ನು ಸುತ್ತುವರಿದು ಕುಳಿತುಬಿಡುತ್ತಾರೆ. ಅಲ್ಲಿಂದ ಕತೆ ಆಟವಾಗುತ್ತದೆ, ಆಟ ನಾಟಕವಾಗುತ್ತದೆ, ನಾಟಕದಿಂದ ಓದು ಹುಟ್ಟುತ್ತದೆ. ಜೊತೆಯ ಉಪಾಧ್ಯಾಯರು ನಗುತ್ತಾರೆ, ಪೋಷಕರು ಗೊಣಗುತ್ತಾರೆ. ಆದರೂ ಅವನು ಬಿಡುವುದಿಲ್ಲ. ಗಿಜುಭಾಯಿಯವರು ಸೋಲನ್ನು ಮುಚ್ಚಿಡದೆ ಮೊದಲಿಗೇ ಹೇಳಿದ್ದರಿಂದ ಈ ಪುಸ್ತಕವನ್ನು ಉಪಾಧ್ಯಾಯರು ನಂಬಿದರು. ಇದು ಭಾರತದ ಅನೇಕ ಭಾಷೆಗಳಿಗೆ ಅನುವಾದಗೊಂಡಿದೆ.

ಬಾಲಮಂದಿರದ ಕೆಲಸವು ಭಾವನಗರದಲ್ಲಿಯೇ ನಿಲ್ಲಲಿಲ್ಲ. 1923ರಲ್ಲಿ ಮುಂಬಯಿಯ ತಾರಾಬಾಯಿ ಮೋಡಕರು ಬಂದು ಗಿಜುಭಾಯಿಯವರೊಡನೆ ಸೇರಿದರು. ಇಬ್ಬರೂ ಕೂಡಿ 1926ರಲ್ಲಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು, ಶಿಕ್ಷಣಪತ್ರಿಕೆಯನ್ನು ನಡೆಸಿದರು, ಉಪಾಧ್ಯಾಯರನ್ನು ತರಬೇತುಗೊಳಿಸಿದರು. 1925ರಲ್ಲಿ ಭಾವನಗರದಲ್ಲಿಯೂ 1928ರಲ್ಲಿ ಅಹಮದಾಬಾದಿನಲ್ಲಿಯೂ ಮಾಂಟೆಸೊರಿ ಸಮ್ಮೇಳನಗಳು ನೆರೆದವು. ಪುಟ್ಟ ಮಕ್ಕಳ ವಿಷಯವನ್ನು ದೊಡ್ಡವರು ಸಭೆ ಸೇರಿ ಚರ್ಚಿಸುವುದು ಅಂದಿಗೆ ಹೊಸ ಮಾತೇ ಆಗಿತ್ತು.

1930ರಲ್ಲಿ ಗಾಂಧೀಜಿಯವರು ಉಪ್ಪಿನ ಸತ್ಯಾಗ್ರಹವನ್ನು ಆರಂಭಿಸಿದರು. ಗುಜರಾತು ಆ ಹೋರಾಟದ ಹೃದಯ. ಗಿಜುಭಾಯಿಯವರು ತಮ್ಮ ಗುಡ್ಡದ ಮೇಲಿನ ಬಾಲಮಂದಿರದಲ್ಲಿ ಸುಖವಾಗಿ ಕುಳಿತಿರಲಿಲ್ಲ. ಅವರು ಸೂರತ್ತಿಗೆ ಹೋಗಿ ಅಲ್ಲಿಯ ನಿರಾಶ್ರಿತರ ಶಿಬಿರಗಳಲ್ಲಿ ಉಳಿದರು. ಅಕ್ಷರ ಬಾರದವರಿಗೆ ಅಕ್ಷರ ಕಲಿಸುವ ಯೋಜನೆಯನ್ನು ಆರಂಭಿಸಿದರು. ಮಕ್ಕಳನ್ನು ಕೂಡಿಸಿ ವಾನರ ಪರಿಷತ್ತನ್ನು ಕಟ್ಟಿದರು. ಲಂಕೆಗೆ ಸೇತುವೆ ಕಟ್ಟಿದ ಕಪಿಗಳ ಕತೆಯನ್ನು ಅಜ್ಜಿಯಿಂದ ಕೇಳಿದ ಮಗುವಿಗೆ, ದೇಶದ ಕೆಲಸದಲ್ಲಿ ತಾನೂ ಒಂದು ಕಲ್ಲು ಹೊರಬಲ್ಲೆನೆಂದು ತಿಳಿಸಲು ಅದಕ್ಕಿಂತ ಒಳ್ಳೆಯ ಹೆಸರು ಬೇರೆ ಬೇಕೆ? ಮನೆ ಬಿಟ್ಟು ಬಂದವರ ನಡುವೆಯೂ ಮಕ್ಕಳನ್ನು ಮರೆಯಬಾರದು ಎಂಬುದನ್ನು ಅವರು ನಡೆದು ತೋರಿಸಿದರು.

ಇಷ್ಟೆಲ್ಲ ದುಡಿದವರ ಕಡೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. 1936ರಲ್ಲಿ ಅವರು ತಾವು ಬೆಳೆಸಿದ ದಕ್ಷಿಣಾಮೂರ್ತಿಯನ್ನು ಬಿಟ್ಟು ಹೊರಬಂದರು. ಇಪ್ಪತ್ತು ವರ್ಷಗಳ ನಂಟು ಅದು. ಆದರೂ ಕೈಕಟ್ಟಿ ಕೂರದೆ 1938ರಲ್ಲಿ ರಾಜಕೋಟೆಯಲ್ಲಿ ಉಪಾಧ್ಯಾಯರ ತರಬೇತಿಯ ಅಧ್ಯಾಪನ ಮಂದಿರವನ್ನು ಆರಂಭಿಸಿದರು. ದೇಹ ಮಾತ್ರ ಸೋತಿತ್ತು. 1939ನೆಯ ಇಸವಿ ಜೂನ್ 23ರಂದು ಮುಂಬಯಿಯಲ್ಲಿ ಅವರು ಕಾಲವಶರಾದರು. ಅವರಿಗೆ ಆಗ 53 ವರ್ಷ ವಯಸ್ಸು. ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಮರಿಯಾ ಮಾಂಟೆಸೊರಿಯವರು ಮೊದಲ ಸಲ ಭಾರತಕ್ಕೆ ಬಂದಿಳಿದರು. ಮುಂದೆ ಅಹಮದಾಬಾದಿನಲ್ಲಿಯೂ ಉಪಾಧ್ಯಾಯರಿಗೆ ತರಬೇತಿಯನ್ನು ಕೊಟ್ಟರು. ಭಾರತದಲ್ಲಿ ಅವರ ಹಾದಿಯನ್ನು ಹಸನು ಮಾಡಿದ್ದ ಗಿಜುಭಾಯಿಯವರು ಅವರನ್ನು ಸ್ವಾಗತಿಸಲು ಇರಲಿಲ್ಲ. ಐದು ತಿಂಗಳ ಅಂತರ!

ಆದರೆ ಕೆಲಸವು ಉಳಿಯಿತು. ತಾರಾಬಾಯಿ ಮೋಡಕರು 1945ರಲ್ಲಿ ಗುಜರಾತಿನ ಗಡಿಗೆ ಸಮೀಪದ ಬೋರ್ಡಿ ಎಂಬ ಹಳ್ಳಿಯಲ್ಲಿ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘರು ಅವರಿಗೆ ಬಲಗೈಯಾದರು. 1957ರಲ್ಲಿ ಅವರು ಹತ್ತಿರದ ಕೋಸಬಾಡದ ಗುಡ್ಡಕ್ಕೆ, ಆದಿವಾಸಿಗಳ ನಡುವೆ ಹೋಗಿ ನೆಲಸಿದರು. ಅಲ್ಲಿಯ ಬಡ ಮಕ್ಕಳಿಗಾಗಿ ಬೆಲೆಬಾಳುವ ಉಪಕರಣಗಳನ್ನು ಪೂರ್ತಿಯಾಗಿ ಬಿಟ್ಟುಕೊಟ್ಟು, ಬೀಜ, ಎಲೆ, ಹೂವು, ಕಪ್ಪೆಚಿಪ್ಪು, ಕಲ್ಲುಹರಳುಗಳಿಂದಲೇ ಎಣಿಕೆ, ಬಣ್ಣ, ಆಕಾರಗಳನ್ನು ಕಲಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯನ್ನೇ ಅವರ ಮನೆಯ ಅಂಗಳಕ್ಕೆ ಒಯ್ದರು. ಅಂಗಳದ ಆ ಶಾಲೆಗೆ ಅಂಗನವಾಡಿ ಎಂದು ಹೆಸರಾಯಿತು.

ಈ ಹೆಸರನ್ನು ಕೇಳಿ ನಿಮಗೆ ಆಶ್ಚರ್ಯವಾಗಿರಬಹುದು. ಹೌದು, ನಮ್ಮ ಹಳ್ಳಿಗಳಲ್ಲಿಯೂ ಪೇಟೆಯ ಓಣಿಗಳಲ್ಲಿಯೂ ಕಾಣುವ ಅಂಗನವಾಡಿಯ ಹೆಸರು ಅದೇ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಮಕ್ಕಳ ಪೋಷಣೆಯ ಯೋಜನೆಯನ್ನು ಪ್ರಾರಂಭಿಸಿದಾಗ ಅದರ ಕೇಂದ್ರಗಳಿಗೆ ಈ ಹೆಸರು ಬಂತು. ದೇಶದಲ್ಲಿ ಮೊದಲಿಗೆ ಆರಿಸಿದ 33 ಪ್ರದೇಶಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಭಾವನಗರದ ಗುಡ್ಡದ ಮೇಲೆ ಬಿದ್ದ ಬೀಜವೊಂದು ಹೀಗೆ ಕಾವೇರಿಯ ದಡದಲ್ಲಿಯೂ ಚಿಗುರಿತು.

ಮಿತ್ರರೇ, ನಗರದಲ್ಲಿರುವ ನಮ್ಮ ಮನೆಗಳಿಗೆ ಅಂಗಳವಿಲ್ಲ. ಅಂಗಡಿಗಳಲ್ಲಿ ಆಟಿಕೆಗಳು ರಾಶಿ ಬಿದ್ದಿವೆ. ಕೈಯಲ್ಲಿ ಹಿಡಿಯುವ ಯಂತ್ರಗಳು ತಾವೇ ಆಡಿ ತೋರಿಸುತ್ತವೆ, ನಾವು ಸುಮ್ಮನೆ ನೋಡಿದರಾಯಿತು. ಹೀಗಿರುವಾಗ ಸೌಟಿನ ಕೂಸು ಯಾರಿಗೆ ಬೇಕೆಂದು ಕೇಳುವವರುಂಟು. ಗಿಜುಭಾಯಿಯವರ ಬಾಳು ಇದಕ್ಕೆ ಉತ್ತರ ಕೊಡುತ್ತದೆ. ಮಗುವಿಗೆ ಆಟಿಕೆಯ ಕೊರತೆ ಎಂದೂ ಇರಲಿಲ್ಲ. ಕೊರತೆಯಿದ್ದದ್ದು ಅದರ ಆಟವನ್ನು ಗೌರವಿಸುವ ಹಿರಿಯರಿಗೆ. ನಿಮ್ಮಲ್ಲಿ ಹಲವರು ಈಗ ಅಕ್ಕಂದಿರು, ಅಣ್ಣಂದಿರು. ಇಂದು ಸಂಜೆ ಮನೆಗೆ ಹೋದಾಗ ನಿಮ್ಮ ಪುಟ್ಟ ತಂಗಿಯು ತಟ್ಟೆ ಲೋಟಗಳನ್ನು ಹರಡಿಕೊಂಡು ಕುಳಿತಿದ್ದರೆ ಗದರಿಸಬೇಡಿರಿ. ಅವಳು ಬಡಿಸಿದ ಇಲ್ಲದ ಊಟವನ್ನು ಪಕ್ಕದಲ್ಲಿ ಕುಳಿತು ಉಣ್ಣಿರಿ. ಉಪ್ಪು ಸಾಲದೆಂದರೆ ಅವಳು ಖಂಡಿತವಾಗಿ ತಂದು ಹಾಕುತ್ತಾಳೆ. ಅಮ್ಮನಿಗೆ ಸೌಟು ಬೇಕಾದರೆ, ಕೂಸು ನಿದ್ದೆ ಮಾಡಿ ಏಳುವ ತನಕ ಕಾಯುವಂತೆ ಅಮ್ಮನಲ್ಲಿ ಒಂದು ಮಾತು ಬಿನ್ನವಿಸಿಕೊಳ್ಳಿರಿ.